ಕಾಯಿಸಿ ನೇರಗೊಳಿಸಿದ ಉಕ್ಕಿನ ತೊಲೆಗೆ ಸ್ಟ್ರೆಸ್ ರಿಲೀವಿಂಗ್ ಅಗತ್ಯವೇ?

ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ ತಾಂತ್ರಿಕ ವಿವರಣೆ

1. ಹಿನ್ನೆಲೆ

ಹಳ್ಳಗಳಿಗೆ ಅಡ್ಡಲಾಗಿ ನಿರ್ಮಿಸಿದ ಕಾಲುಸಂಕ, ಸಂತೆ ಕಟ್ಟೆಯ ಛಾವಣಿ, ಸಮುದಾಯ ಭವನದ ಮಾಡು, ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದ ಎತ್ತರ ಮಿತಿಯ ಕಮಾನು ಮೊದಲಾದ ಸಾರ್ವಜನಿಕ ಆಸ್ತಿಗಳಲ್ಲಿ ಉಕ್ಕಿನ ತೊಲೆಗಳ ಬಳಕೆ ಈಗ ಸಾಮಾನ್ಯವಾಗಿದೆ. ಇವುಗಳಲ್ಲಿ ಹಲವು ತೊಲೆಗಳು ಕಾರ್ಖಾನೆಯಿಂದ ಅಚ್ಚಾಗಿ ಬಂದವಲ್ಲ. ಮೂರು ಉಕ್ಕಿನ ಹಲಗೆಗಳನ್ನು ಬೆಸುಗೆ ಹಾಕಿ ಇಂಗ್ಲಿಷಿನ 'ಐ' ಅಕ್ಷರದ ಆಕಾರಕ್ಕೆ ಕೂಡಿಸಿದವು. ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿಗಳಿಗೆ ಫ್ಲ್ಯಾಂಜ್ ಎಂದೂ ನಡುವೆ ನಿಂತ ಹಲಗೆಗೆ ವೆಬ್ ಎಂದೂ ಹೆಸರು.

ಮಳೆಗಾಲದ ಪ್ರವಾಹದಲ್ಲಿ ತೇಲಿ ಬಂದ ಮರದ ದಿಮ್ಮಿ ಕಾಲುಸಂಕದ ತೊಲೆಗೆ ಬಡಿಯುತ್ತದೆ. ಎತ್ತಿದ ಟ್ರಾಲಿಯನ್ನು ಇಳಿಸಲು ಮರೆತ ಟಿಪ್ಪರ್ ಕಮಾನಿಗೆ ಗುದ್ದುತ್ತದೆ. ತೊಲೆ ಮುರಿಯುವುದಿಲ್ಲ, ಆದರೆ ಬಾಗುತ್ತದೆ. ಆಗ ಅದನ್ನು ಬದಲಿಸುವುದಕ್ಕಿಂತ ಗ್ಯಾಸ್ ಟಾರ್ಚಿನಿಂದ ಕಾಯಿಸಿ ನೇರಗೊಳಿಸುವುದು ಮಿತವ್ಯಯವೆಂಬ ಸಲಹೆ ಬರುತ್ತದೆ. ಅದರ ಜೊತೆಗೆ ಅಂದಾಜು ಪಟ್ಟಿಯಲ್ಲಿ ಇನ್ನೊಂದು ಬಾಬ್ತು ಕಾಣಿಸಿಕೊಳ್ಳುವುದುಂಟು: ಸ್ಟ್ರೆಸ್ ರಿಲೀವಿಂಗ್, ಅಂದರೆ ಲೋಹದೊಳಗೆ ಉಳಿದ ಬಿಗಿತವನ್ನು ನಿವಾರಿಸುವ ಶಾಖ ಸಂಸ್ಕಾರ. ಈ ಬಾಬ್ತಿಗೆ ಒಪ್ಪಿಗೆ ನೀಡಿದರೆ ಹಣ ವ್ಯರ್ಥವಾದೀತೇ, ನಿರಾಕರಿಸಿದರೆ ಸಂಕ ದಾಟುವ ಶಾಲಾ ಮಕ್ಕಳ ಜೀವಕ್ಕೆ ಅಪಾಯವಾದೀತೇ ಎಂಬ ಪ್ರಶ್ನೆ ಸದಸ್ಯರ ಮುಂದೆ ಬರುತ್ತದೆ.

ತಾಂತ್ರಿಕ ನಿರ್ಧಾರವನ್ನು ಕೈಗೊಳ್ಳಬೇಕಾದವರು ಅಭಿಯಂತರರೇ. ಆದರೆ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳುವ ಹೊಣೆ ಸದಸ್ಯರದು. ಅದಕ್ಕೆ ನೆರವಾಗಲೆಂದು ಈ ವಿವರಣೆಯನ್ನು ನೀಡಲಾಗಿದೆ.

2. ಸಂಕ್ಷಿಪ್ತ ಉತ್ತರ

ಸಾಮಾನ್ಯ ಕಟ್ಟಡದ ಉಕ್ಕಿನಿಂದ ಮಾಡಿದ, ತೆಳುವಾದ ಅಥವಾ ಮಧ್ಯಮ ದಪ್ಪದ ಹಲಗೆಗಳಿಂದ ಕೂಡಿದ ತೊಲೆಯನ್ನು ನಿಯಮಬದ್ಧವಾಗಿ ಕಾಯಿಸಿ ನೇರಗೊಳಿಸಿದ್ದರೆ ಅದಕ್ಕೆ ಪ್ರತ್ಯೇಕ ಸ್ಟ್ರೆಸ್ ರಿಲೀವಿಂಗ್ ಬೇಕಾಗುವುದಿಲ್ಲ. ಬೇಕಾಗುವುದಿಲ್ಲ ಎಂಬುದಷ್ಟೇ ಅಲ್ಲ, ಹಲವು ಸಂದರ್ಭಗಳಲ್ಲಿ ಅದು ನೇರವಾದ ತೊಲೆಯನ್ನು ಮತ್ತೆ ಸೊಟ್ಟಗಾಗಿಸಬಲ್ಲದು. ಅದಕ್ಕಾಗಿ ಮೀಸಲಿಡುವ ಹಣವನ್ನು ಬೆಸುಗೆಯಲ್ಲಿ ಬಿರುಕುಗಳಿವೆಯೇ ಎಂಬ ತಪಾಸಣೆಗೆ ಮತ್ತು ಕಾಯಿಸುವಾಗಿನ ತಾಪಮಾನದ ನಿಯಂತ್ರಣಕ್ಕೆ ವಿನಿಯೋಗಿಸುವುದು ಉಚಿತ. ಇದಕ್ಕೆ ಕೆಲವು ಅಪವಾದಗಳಿದ್ದು, ಅವನ್ನು 7ನೆಯ ಭಾಗದಲ್ಲಿ ವಿವರಿಸಿದೆ.

3. ಲೋಹದೊಳಗಿನ ಬಿಗಿತ ಎಂದರೇನು?

ಹೊರಗಿನಿಂದ ಯಾವ ಭಾರವನ್ನೂ ಹೇರದಿದ್ದರೂ ಬೆಸುಗೆಯ ತೊಲೆಯೊಳಗೆ ಎಳೆತ ಮತ್ತು ಒತ್ತಡಗಳು ಅಡಗಿರುತ್ತವೆ. ಕರಗಿದ ಬೆಸುಗೆಯ ಲೋಹ ತಣಿಯುವಾಗ ಕುಗ್ಗಲು ಹವಣಿಸುತ್ತದೆ. ಅದರ ಅಕ್ಕಪಕ್ಕದ ತಣ್ಣನೆಯ ಉಕ್ಕು ಅದನ್ನು ಕುಗ್ಗಲು ಬಿಡುವುದಿಲ್ಲ. ಪರಿಣಾಮವಾಗಿ ಬೆಸುಗೆಯ ಸಾಲಿನಲ್ಲಿ ಎಳೆತವೂ ಅದರಿಂದ ದೂರದ ಭಾಗದಲ್ಲಿ ಒತ್ತಡವೂ ಶಾಶ್ವತವಾಗಿ ನೆಲೆಗೊಳ್ಳುತ್ತವೆ. ಒಂದು ಇನ್ನೊಂದನ್ನು ಸರಿದೂಗಿಸುವುದರಿಂದ ತೊಲೆ ಹೊರನೋಟಕ್ಕೆ ನಿಶ್ಚಲವಾಗಿರುತ್ತದೆ. ಗಾಡಿಯ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ತಣಿಸಿದಾಗ ಪಟ್ಟಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುವುದನ್ನು ಕಮ್ಮಾರಶಾಲೆಯಲ್ಲಿ ಕಂಡವರಿಗೆ ಈ ಸಂಗತಿ ಹೊಸದಲ್ಲ. ಅಲ್ಲಿ ಪಟ್ಟಿ ಬೇರೆ, ಮರ ಬೇರೆ. ಇಲ್ಲಿ ಎರಡೂ ಒಂದೇ ಉಕ್ಕಿನೊಳಗಿವೆ.

ಬೆಸುಗೆಯ ಸಾಲಿನ ಬಳಿ ಈ ಎಳೆತವು ಉಕ್ಕು ಮಣಿಯುವ ಮಿತಿಯವರೆಗೂ ತಲುಪಿರುವುದು ಸಾಮಾನ್ಯ. ಐಎಸ್ 2062ರ ಇ 250 ದರ್ಜೆಯ ಸಾಮಾನ್ಯ ಉಕ್ಕಿನಲ್ಲಿ ಈ ಮಿತಿ ಚದರ ಮಿಲಿಮೀಟರಿಗೆ 250 ನ್ಯೂಟನ್. ಹೊಸದಾಗಿ ಬಂದು ನಿಂತ ತೊಲೆಯಲ್ಲಿಯೂ ಇಷ್ಟು ಒಳಬಿಗಿತ ಇದ್ದೇ ಇರುತ್ತದೆ ಎಂಬುದನ್ನು ಸದಸ್ಯರು ಮುಖ್ಯವಾಗಿ ಗಮನಿಸಬೇಕು. ಒಳಬಿಗಿತ ಎಂಬುದು ರಿಪೇರಿಯಿಂದ ಹೊಸದಾಗಿ ಹುಟ್ಟಿದ ದೋಷವಲ್ಲ. ಕಾರ್ಖಾನೆಯಲ್ಲಿ ಕಾಯಿಸಿ ಉರುಳೆಗಳ ನಡುವೆ ಎಳೆದ ತೊಲೆಗಳಲ್ಲಿಯೂ ಅಸಮವಾಗಿ ತಣಿಯುವುದರಿಂದ ಅದು ಸ್ವಲ್ಪ ಮಟ್ಟಿಗೆ ಇರುತ್ತದೆ.

4. ಕಾಯಿಸಿ ನೇರಗೊಳಿಸುವ ವಿಧಾನ

ಕಾದ ಉಕ್ಕನ್ನು ಬಲವಂತವಾಗಿ ಎಳೆದು ನೇರ ಮಾಡುವುದೇ ಈ ವಿಧಾನವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಿಜವಾದ ವಿಧಾನದಲ್ಲಿ ತೊಲೆಯನ್ನು ನೇರಗೊಳಿಸುವುದು ಉಕ್ಕು ತಣಿಯುವಾಗಿನ ಕುಗ್ಗುವಿಕೆಯೇ.

ದಿಮ್ಮಿಯ ಹೊಡೆತಕ್ಕೆ ಕೆಳಗಿನ ಫ್ಲ್ಯಾಂಜ್ ಹೊಳೆಯ ಕೆಳದಿಕ್ಕಿಗೆ ಉಬ್ಬಿಕೊಂಡಿದೆ ಎಂದು ಭಾವಿಸೋಣ. ಉಬ್ಬಿದ ಅಂಚು ಹಿಗ್ಗಿ ಉದ್ದವಾಗಿದೆ, ಅದನ್ನು ಗಿಡ್ಡಗೊಳಿಸಬೇಕು. ಫ್ಲ್ಯಾಂಜಿನ ಮೇಲೆ ತ್ರಿಕೋನವೊಂದನ್ನು ಗುರುತು ಮಾಡಿ, ಅದರ ಅಗಲವಾದ ಬುಡ ಉಬ್ಬಿದ ಅಂಚಿನ ಕಡೆಗೂ ಮೊನೆ ಎದುರು ಅಂಚಿನ ಕಡೆಗೂ ಇರುವಂತೆ ನೋಡಿಕೊಳ್ಳಲಾಗುತ್ತದೆ. ಟಾರ್ಚಿನ ಉರಿಯನ್ನು ಮೊನೆಯಿಂದ ಆರಂಭಿಸಿ ಬುಡದ ಕಡೆಗೆ ಸಾಲುಸಾಲಾಗಿ ಒಯ್ಯಲಾಗುತ್ತದೆ. ಕಾದ ತ್ರಿಕೋನ ಹಿಗ್ಗಲು ಯತ್ನಿಸಿದರೂ ಸುತ್ತಲಿನ ತಣ್ಣನೆಯ ಉಕ್ಕು ಉದ್ದಕ್ಕೆ ಹಿಗ್ಗಲು ಬಿಡುವುದಿಲ್ಲ. ಆಗ ಅದು ದಪ್ಪದ ದಿಕ್ಕಿನಲ್ಲಿ ಉಬ್ಬುತ್ತದೆ. ತಣಿಯುವಾಗ ಎಲ್ಲ ದಿಕ್ಕಿನಲ್ಲಿಯೂ ಕುಗ್ಗಿ, ಕೊನೆಗೆ ಮೊದಲಿಗಿಂತ ಗಿಡ್ಡವಾಗಿ ನಿಲ್ಲುತ್ತದೆ. ಬುಡ ಅಗಲವಾಗಿರುವುದರಿಂದ ಆ ಅಂಚು ಹೆಚ್ಚು ಗಿಡ್ಡವಾಗುತ್ತದೆ, ತೊಲೆ ನೇರದ ಕಡೆಗೆ ಸ್ವಲ್ಪ ತಿರುಗುತ್ತದೆ.

ಇದರ ಹಿಂದಿನ ಲೆಕ್ಕ ಸರಳವಾಗಿದೆ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಭಾಗವನ್ನು 600 ಡಿಗ್ರಿಯಷ್ಟು ಕಾಯಿಸಿದರೆ ಅದು 0.72 ಮಿಲಿಮೀಟರ್ ಹಿಗ್ಗಬೇಕು. ಆದರೆ ಪೂರ್ತಿಯಾಗಿ ಬಂಧಿಸಲ್ಪಟ್ಟ ಸಾಮಾನ್ಯ ಉಕ್ಕು ಸುಮಾರು 104 ಡಿಗ್ರಿ ತಾಪಮಾನ ಏರಿಕೆಗೇ ಮಣಿಯುವ ಮಿತಿಯನ್ನು ಮುಟ್ಟುತ್ತದೆ. ಅದಕ್ಕಿಂತ ಮೇಲಿನ ಬಹುಪಾಲು ಹಿಗ್ಗುವಿಕೆ ಶಾಶ್ವತವಾದ ಆಕಾರ ಬದಲಾವಣೆಯಾಗಿ ಪರಿಣಮಿಸುತ್ತದೆ. ಒಂದು ಸುತ್ತಿನಲ್ಲಿ ದೊರೆಯುವ ಚಲನೆ ಅಲ್ಪವೇ. ಆದ್ದರಿಂದ ಕಾಯಿಸುವುದು, ತಣಿಯಲು ಬಿಡುವುದು, ಅಳೆಯುವುದು, ತ್ರಿಕೋನದ ಜಾಗ ಬದಲಿಸಿ ಮತ್ತೆ ಕಾಯಿಸುವುದು, ಹೀಗೆ ಕೆಲಸ ಹಲವು ಸುತ್ತುಗಳಲ್ಲಿ ಸಾಗುತ್ತದೆ. ಒಂದೇ ಕಾಯಿಸುವಿಕೆಯಲ್ಲಿ, ಒಂದು ಗಂಟೆಯಲ್ಲಿ ತೊಲೆ ನೇರವಾಯಿತೆಂದರೆ ಅಲ್ಲಿ ನಡೆದದ್ದು ಈ ವಿಧಾನವಲ್ಲ. ಜ್ಯಾಕಿನಿಂದ ಬಲವಂತವಾಗಿ ಎಳೆದದ್ದು ಎಂದೇ ತಿಳಿಯಬೇಕು.

ಅಮೆರಿಕದಲ್ಲಿ ಎತ್ತರದ ಲಾರಿಗಳು ಗುದ್ದಿ ಬಾಗಿಸಿದ ಸೇತುವೆ ತೊಲೆಗಳನ್ನು ಈ ಕ್ರಮದಲ್ಲಿ ದಶಕಗಳಿಂದ ದುರಸ್ತಿ ಮಾಡಲಾಗುತ್ತಿದೆ. ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತವು 1998ರಲ್ಲಿ ಇದಕ್ಕೆಂದೇ ಕೈಪಿಡಿಯನ್ನು ಪ್ರಕಟಿಸಿತು. ಮುಂದೆ 8ನೆಯ ಮತ್ತು 9ನೆಯ ಭಾಗಗಳಲ್ಲಿ ಹೇಳಿರುವ ಮಿತಿಗಳು ಮುಖ್ಯವಾಗಿ ಆ ಅನುಭವದಿಂದ ಬಂದವು.

5. ಸ್ಟ್ರೆಸ್ ರಿಲೀವಿಂಗ್ ಎಂದರೆ ನಿಜವಾಗಿ ಏನು ಮಾಡಬೇಕು?

ತೊಲೆಯನ್ನು ಕುಲುಮೆಯಲ್ಲಿಟ್ಟು ಇಡೀ ಉದ್ದಕ್ಕೆ ಸಮನಾಗಿ, ನಿಧಾನವಾಗಿ 600ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಹಲಗೆಯ ದಪ್ಪದ ಪ್ರತಿ 25 ಮಿಲಿಮೀಟರಿಗೆ ಸುಮಾರು ಒಂದು ಗಂಟೆಯಂತೆ ಅದೇ ತಾಪಮಾನದಲ್ಲಿ ಹಿಡಿದಿಡಬೇಕು. ಅನಂತರ ಅಷ್ಟೇ ನಿಧಾನವಾಗಿ ತಣಿಸಬೇಕು. ಆ ತಾಪಮಾನದಲ್ಲಿ ಉಕ್ಕು ಮೆತ್ತಗಾಗುವುದರಿಂದ ಒಳಬಿಗಿತವನ್ನು ಹಿಡಿದಿಟ್ಟುಕೊಳ್ಳಲಾರದೆ ಬಹುಪಾಲನ್ನು ಬಿಟ್ಟುಕೊಡುತ್ತದೆ. ಇದರ ಮರ್ಮವಿರುವುದು ಸಮನಾದ ಶಾಖದಲ್ಲಿ. ಶಾಖ ಅಸಮವಾದರೆ ಹಳೆಯ ಬಿಗಿತ ಹೋಗಿ ಹೊಸ ಬಿಗಿತ ಸೇರಿಕೊಳ್ಳುತ್ತದೆ.

ಒಂದು ಉದಾಹರಣೆ: 9 ಮೀಟರ್ ಉದ್ದದ ಕಾಲುಸಂಕದ ತೊಲೆ, ಫ್ಲ್ಯಾಂಜುಗಳು 200 ಮಿಲಿಮೀಟರ್ ಅಗಲ ಮತ್ತು 12 ಮಿಲಿಮೀಟರ್ ದಪ್ಪ, ವೆಬ್ 300 ಮಿಲಿಮೀಟರ್ ಎತ್ತರ ಮತ್ತು 8 ಮಿಲಿಮೀಟರ್ ದಪ್ಪ. ಇದರ ತೂಕ ಮೀಟರಿಗೆ ಸುಮಾರು 56.5 ಕಿಲೋಗ್ರಾಂ, ಒಟ್ಟು ಸುಮಾರು 509 ಕಿಲೋಗ್ರಾಂ. ಇದಕ್ಕೆ ಸ್ಟ್ರೆಸ್ ರಿಲೀವಿಂಗ್ ಮಾಡಬೇಕಾದರೆ ಸಂಕವನ್ನು ಬಿಚ್ಚಿ, ತೊಲೆಯನ್ನು ಕೆಳಗಿಳಿಸಿ, 9 ಮೀಟರಿಗಿಂತ ಉದ್ದದ ಕುಲುಮೆ ಇರುವ ಊರಿಗೆ ಸಾಗಿಸಿ, ಮರಳಿ ತಂದು ಜೋಡಿಸಬೇಕು. ಇಷ್ಟು ವೆಚ್ಚ ಮಾಡುವ ಮುನ್ನ ಅರ್ಧ ಟನ್ ಹೊಸ ಉಕ್ಕಿನಿಂದ ಹೊಸ ತೊಲೆಯನ್ನೇ ಮಾಡಿಸಲು ಎಷ್ಟಾಗುತ್ತದೆ ಎಂದು ಕೇಳುವುದು ಸಹಜ ವಿವೇಕ.

ಹೀಗಿರುವಾಗ ಸ್ಥಳದಲ್ಲಿಯೇ ಟಾರ್ಚಿನಿಂದ ಬೆಸುಗೆಯ ಮೇಲೆ ಮತ್ತೊಮ್ಮೆ ಉರಿ ಹಾಯಿಸಿ ಅದನ್ನು ಸ್ಟ್ರೆಸ್ ರಿಲೀವಿಂಗ್ ಎಂದು ಬಿಲ್ಲಿನಲ್ಲಿ ತೋರಿಸಿದರೆ ಅದನ್ನು ಒಪ್ಪಲಾಗದು. ಅದು ಮತ್ತೊಂದು ಅಸಮ ಶಾಖವಷ್ಟೇ. ಸುತ್ತಿಗೆಯಿಂದ ಬಡಿಯುವುದೂ ಕುಲುಮೆಯ ಸಂಸ್ಕಾರಕ್ಕೆ ಸಮನಲ್ಲ. ತಂತಿಸುರುಳಿಯ ವಿದ್ಯುತ್ ಹೊದಿಕೆಗಳನ್ನು ಸುತ್ತಿ ಒಂದು ಕೀಲಿಗೆ ಮಾತ್ರ ಶಾಖ ನೀಡುವ ವಿಧಾನವಿದೆ; ಕೊಳವೆಯ ಸುತ್ತ ಸಮನಾಗಿ ಸುತ್ತಬಹುದಾದ ಕಡೆ ಅದು ಉಪಯುಕ್ತ. ಉದ್ದನೆಯ ತೊಲೆಯ ನಡುವಿನ ಒಂದು ಭಾಗಕ್ಕೆ ಅದನ್ನು ಬಳಸಿದರೆ ಕಾದ ಭಾಗ ಮತ್ತು ತಣ್ಣನೆಯ ಭಾಗಗಳ ಗಡಿಯಲ್ಲಿ ಬಿಗಿತ ಮತ್ತೆ ಹುಟ್ಟುತ್ತದೆ.

6. ಸಾಮಾನ್ಯ ತೊಲೆಗೆ ಅದು ಏಕೆ ಬೇಡ?

ಅ) ಭಾರ ಹೊರುವ ಶಕ್ತಿ ಕುಂದುವುದಿಲ್ಲ. ಕಟ್ಟಡದ ಉಕ್ಕು ಗಾಜಿನಂತೆ ಪೆಡಸಾದುದಲ್ಲ. ಒಡೆಯುವ ಮೊದಲು ಬಹಳಷ್ಟು ಹಿಗ್ಗಬಲ್ಲದು. ಭಾರ ಹೆಚ್ಚಿದಾಗ ಮೊದಲೇ ಬಿಗಿದುಕೊಂಡಿದ್ದ ಭಾಗ ಬೇಗನೆ ಮಣಿದು, ಹೊರೆಯನ್ನು ಪಕ್ಕದ ಭಾಗಕ್ಕೆ ಹಂಚುತ್ತದೆ. ಕೊನೆಗೆ ಇಡೀ ಅಡ್ಡಕೊಯ್ತ ಮಣಿಯುವ ಹಂತದಲ್ಲಿ ತೊಲೆ ಹೊರಬಲ್ಲ ಗರಿಷ್ಠ ಬಾಗುಬಲ ಒಳಬಿಗಿತ ಇದ್ದರೂ ಇಲ್ಲದಿದ್ದರೂ ಒಂದೇ. ಒಳಗಿನ ಎಳೆತ, ಒತ್ತಡಗಳು ಪರಸ್ಪರ ಸರಿದೂಗಿರುವುದೇ ಇದಕ್ಕೆ ಕಾರಣ.

ಆ) ಬಾಗಿ ಕುಸಿಯುವ ಅಪಾಯವನ್ನು ಸಂಹಿತೆ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಒತ್ತಡಕ್ಕೆ ಸಿಲುಕುವ ಕಂಬಗಳ ವಿಷಯದಲ್ಲಿ ಒಳಬಿಗಿತದ ಪರಿಣಾಮ ನಿಜವಾದುದು. ಅದಕ್ಕಾಗಿಯೇ ಭಾರತೀಯ ಸಂಹಿತೆ ಐಎಸ್ 800:2007 ಕಂಬಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಸಾಮಾನ್ಯ ದಪ್ಪದ ಬೆಸುಗೆಯ ತೊಲೆಗಳನ್ನು ಎತ್ತರವಾದ ಅಚ್ಚು ತೊಲೆಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ವರ್ಗದಲ್ಲಿ ಇರಿಸಿದೆ. ನೇರಗೊಳಿಸಿದ ಭಾಗ ಕಂಬವಾಗಿದ್ದರೆ ಅಭಿಯಂತರರು ಅದರ ಸಾಮರ್ಥ್ಯವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಆದರೆ ಪರಿಹಾರವೆಂದರೆ ಮರುಲೆಕ್ಕ ಮತ್ತು ಅಗತ್ಯ ಬಿದ್ದರೆ ಬಲವರ್ಧನೆ, ಕುಲುಮೆಯಲ್ಲ.

ಇ) ಪದೇ ಪದೇ ಬೀಳುವ ಭಾರದ ದಣಿವಿನ ಲೆಕ್ಕವೂ ಒಳಬಿಗಿತವನ್ನು ಒಪ್ಪಿಕೊಂಡೇ ರೂಪುಗೊಂಡಿದೆ. ಬೆಸುಗೆಯ ಬಳಿ ಎಳೆತ ಮೊದಲೇ ಇದೆ ಎಂದು ಭಾವಿಸಿ, ಭಾರ ಬಂದು ಹೋಗುವಾಗಿನ ಏರಿಳಿತದ ಪ್ರಮಾಣವನ್ನಷ್ಟೇ ಸಂಹಿತೆ ಗಣಿಸುತ್ತದೆ. ಜನರು ನಡೆದಾಡುವ ಕಾಲುಸಂಕದಲ್ಲಿ ಈ ಏರಿಳಿತ ಅಲ್ಪ. ವಾಹನ ಸಂಚಾರದ ಸೇತುವೆಯಲ್ಲಿ ಅದು ಮುಖ್ಯವಾದರೂ, ಅಲ್ಲಿ ತೊಲೆಯ ಆಯುಷ್ಯವನ್ನು ನಿರ್ಧರಿಸುವುದು ಬೆಸುಗೆಯ ಅಂಚಿನ ಆಕಾರ ಮತ್ತು ಬಿರುಕುಗಳೇ.

ಈ) ನೇರವಾದ ತೊಲೆ ಮತ್ತೆ ಸೊಟ್ಟಗಾಗಬಹುದು. ತ್ರಿಕೋನಗಳು ತಣಿದಾಗ ಉಂಟಾದ ಒಳಬಿಗಿತ ತೊಲೆಯ ಈಗಿನ ಆಕಾರದೊಂದಿಗೆ ಹೊಂದಿಕೊಂಡು ನಿಂತಿರುತ್ತದೆ. ಅದನ್ನು ಒಮ್ಮೆಲೇ ಸಡಿಲಿಸಿದರೆ ತೊಲೆ ಹೊಸ ಸಮತೋಲವನ್ನು ಅರಸಿ ಸರಿದಾಡುತ್ತದೆ. ಇದರ ಜೊತೆಗೆ, ಐಎಸ್ 800ರ ಬೆಂಕಿ ನಿರೋಧದ ಲೆಕ್ಕದಂತೆ 600 ಡಿಗ್ರಿಯಲ್ಲಿ ಉಕ್ಕಿನ ಮಣಿಯುವ ಮಿತಿ ಮೂಲದ ಸುಮಾರು ಶೇಕಡಾ 44ಕ್ಕೆ ಇಳಿಯುತ್ತದೆ. ಕುಲುಮೆಯಲ್ಲಿ ಸಾಲುಸಾಲಾಗಿ ಆಸರೆ ಕೊಡದಿದ್ದರೆ ಉದ್ದನೆಯ ತೊಲೆ ತನ್ನ ಭಾರಕ್ಕೇ ಜೋತುಬೀಳಬಹುದು. ಹಣ ತೆತ್ತು ನೇರ ಮಾಡಿಸಿದ್ದನ್ನು ಮತ್ತೆ ಹಣ ತೆತ್ತು ಸೊಟ್ಟ ಮಾಡಿಸಿದಂತಾಗುತ್ತದೆ.

ಉ) ಬಿರುಕು ಮುಚ್ಚಿಕೊಳ್ಳುವುದಿಲ್ಲ. ಹೊಡೆತದಿಂದ ಬೆಸುಗೆಯಲ್ಲಿ ಸೀಳು ಬಿದ್ದಿದ್ದರೆ ಕುಲುಮೆಯಿಂದ ಹೊರಬಂದ ಮೇಲೂ ಅದು ಅಲ್ಲೇ ಇರುತ್ತದೆ. ನಿಜವಾದ ಅಪಾಯ ಇರುವುದು ಇಲ್ಲಿ.

ಇತಿಹಾಸವೂ ಇದನ್ನೇ ತೋರಿಸಿಕೊಟ್ಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕವು 2,700ಕ್ಕೂ ಹೆಚ್ಚು ಲಿಬರ್ಟಿ ಸರಕು ಹಡಗುಗಳನ್ನು ರಿವೆಟ್ ಬದಲು ಬೆಸುಗೆಯಿಂದ ನಿರ್ಮಿಸಿತು. ಅವುಗಳಲ್ಲಿ ಹಲವು ಬಿರುಕು ಬಿಟ್ಟವು, ಕೆಲವು ಎರಡು ತುಂಡಾದವು. ಬೆಸುಗೆಯಿಂದಲೇ ನಿರ್ಮಿಸಿದ ಸ್ಕೆನೆಕ್ಟಡಿ ಎಂಬ ತೈಲವಾಹಕ ಹಡಗು 1943ರ ಜನವರಿ 16ರಂದು ಬಂದರಿನ ಶಾಂತ ನೀರಿನಲ್ಲಿ ನಿಂತಿದ್ದಂತೆಯೇ ಮುರಿಯಿತು. ಬೆಸುಗೆಯ ಒಳಬಿಗಿತದ ಮೇಲೆ ಆಗ ಬಲವಾದ ಅನುಮಾನ ಮೂಡಿತ್ತು. ತನಿಖೆಗಳಲ್ಲಿ ಕಂಡುಬಂದ ಮುಖ್ಯ ಕಾರಣಗಳು ಬೇರೆಯೇ: ಚಳಿಗೆ ಪೆಡಸಾಗುವ ಉಕ್ಕು, ಚೌಕಾಕಾರದ ದ್ವಾರಗಳ ಚೂಪು ಮೂಲೆಗಳು, ಕಳಪೆ ಬೆಸುಗೆ. ಉಕ್ಕು ಚಳಿಗೆ ಪೆಡಸಾಗುವುದನ್ನು ಕೇಂಬ್ರಿಜ್‌ನ ಲೋಹತಜ್ಞೆ ಕಾನ್‌ಸ್ಟನ್ಸ್ ಟಿಪ್ಪರ್ ಪ್ರಯೋಗಗಳಿಂದ ತೋರಿಸಿಕೊಟ್ಟರು. ಮೂಲೆಗಳನ್ನು ದುಂಡಾಗಿಸಿ, ಬಿರುಕು ಹರಡದಂತೆ ಪಟ್ಟಿಗಳನ್ನು ರಿವೆಟ್ ಮಾಡಿ ಹಡಗುಗಳನ್ನು ಸುಧಾರಿಸಲಾಯಿತು.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ 1961ರಲ್ಲಿ ತೆರೆದ ಕಿಂಗ್ ಸ್ಟ್ರೀಟ್ ಸೇತುವೆಯ ಒಂದು ಭಾಗ 1962ರ ಜುಲೈ 10ರ ಚಳಿಯ ಬೆಳಿಗ್ಗೆ, ಭಾರವಾದ ಲಾರಿಯೊಂದು ಸಾಗುತ್ತಿದ್ದಾಗ ಕುಸಿಯಿತು. ಬೆಸುಗೆಯ ತೊಲೆಗಳ ಕೆಳ ಫ್ಲ್ಯಾಂಜಿಗೆ ಸೇರಿಸಿದ್ದ ಹೆಚ್ಚುವರಿ ಪಟ್ಟಿಗಳ ಕೊನೆಯಲ್ಲಿ, ಅಡ್ಡ ಬೆಸುಗೆಯ ಬಳಿ ಬಿರುಕುಗಳು ಮೊದಲೇ ಇದ್ದವು. ತಪಾಸಣೆ ಅವನ್ನು ಹಿಡಿಯಲಿಲ್ಲ. ಎರಡೂ ಪ್ರಕರಣಗಳ ಪಾಠ ಒಂದೇ: ಹುಡುಕಬೇಕಾದುದು ಬಿರುಕನ್ನು.

7. ಯಾವ ಸಂದರ್ಭದಲ್ಲಿ ಸ್ಟ್ರೆಸ್ ರಿಲೀವಿಂಗ್ ನಿಜಕ್ಕೂ ಬೇಕು?

ಬಾಯ್ಲರು ಮತ್ತು ಒತ್ತಡದ ಪಾತ್ರೆಗಳ ದಪ್ಪ ಬೆಸುಗೆಗಳಲ್ಲಿ. ಕ್ಷಾರ ಅಥವಾ ಅಮೋನಿಯಾದಂತಹ ರಾಸಾಯನಿಕ ತಗುಲಿ ಬಿಗಿದ ಲೋಹ ಸೀಳುವ ಸಾಧ್ಯತೆಯಿರುವ ತೊಟ್ಟಿಗಳಲ್ಲಿ. ಬೆಸುಗೆಯ ನಂತರ ಸೂಕ್ಷ್ಮವಾಗಿ ಕಡೆಯಬೇಕಾದ ಯಂತ್ರಗಳ ಚೌಕಟ್ಟುಗಳಲ್ಲಿ. ತೀವ್ರ ಚಳಿಯಲ್ಲಿ ದುಡಿಯುವ ಬಹು ದಪ್ಪದ ಹಲಗೆಗಳಲ್ಲಿ ಇದು ಅಗತ್ಯ. ಮೂಲ ನಕ್ಷೆಯಲ್ಲಿಯೇ ವಿನ್ಯಾಸಕಾರರು ಸ್ಟ್ರೆಸ್ ರಿಲೀವಿಂಗ್ ವಿಧಿಸಿದ್ದರೆ ದುರಸ್ತಿಯ ನಂತರವೂ ಅವರ ಅಭಿಪ್ರಾಯ ಪಡೆಯಲೇಬೇಕು. ಕಾಲುಸಂಕ, ಸಂತೆ ಕಟ್ಟೆಯ ಛಾವಣಿ, ಸಮುದಾಯ ಭವನದ ತೊಲೆಗಳು ಸಾಮಾನ್ಯವಾಗಿ ಈ ಯಾವ ವರ್ಗಕ್ಕೂ ಸೇರುವುದಿಲ್ಲ.

8. ಹಣ ಮತ್ತು ಗಮನ ಎಲ್ಲಿಗೆ ಸಲ್ಲಬೇಕು?

ಅ) ಕಾಯಿಸುವ ಮುನ್ನ ತಪಾಸಣೆ. ಬಾಗಿದ ಭಾಗದ ಬಣ್ಣವನ್ನು ಪೂರ್ತಿ ಕೆರೆದು, ಬೆಸುಗೆಯ ಸಾಲನ್ನು ಬಣ್ಣದ್ರವ ಪರೀಕ್ಷೆ ಅಥವಾ ಕಾಂತಕಣ ಪರೀಕ್ಷೆಗೆ ಒಳಪಡಿಸಬೇಕು. ಬಣ್ಣದ್ರವ ಪರೀಕ್ಷೆಯಲ್ಲಿ ಕೆಂಪು ದ್ರವ ಸೀಳಿನೊಳಗೆ ಇಳಿಯುತ್ತದೆ. ಮೇಲ್ಮೈಯನ್ನು ಒರೆಸಿ ಬಿಳಿಯ ಲೇಪ ಹಚ್ಚಿದಾಗ ಸೀಳು ಇದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಸದಸ್ಯರು ಕಣ್ಣಾರೆ ನೋಡಬಹುದಾದ ಪರೀಕ್ಷೆ ಇದು. ಹೊಡೆತದಿಂದಾದ ಕಚ್ಚು, ಗೀರುಗಳನ್ನು ಉಜ್ಜಿ ನಯಗೊಳಿಸಬೇಕು.

ಆ) ತಾಪಮಾನದ ಮಿತಿ. ಸಾಮಾನ್ಯ ಇಂಗಾಲದ ಉಕ್ಕನ್ನು 650 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಬಾರದು. ಸುಮಾರು 727 ಡಿಗ್ರಿಯ ಬಳಿ ಉಕ್ಕಿನ ಒಳರಚನೆಯೇ ಬದಲಾಗತೊಡಗುವುದರಿಂದ ಈ ಅಂತರ ಕಾಯ್ದುಕೊಳ್ಳಲಾಗುತ್ತದೆ. ನೀರಿನಲ್ಲಿ ಅದ್ದಿ ಹದಗೊಳಿಸಿದ ವಿಶೇಷ ಉಕ್ಕಿಗೆ ಮಿತಿ ಇನ್ನೂ ಕಡಿಮೆ, ಸುಮಾರು 600 ಡಿಗ್ರಿ. ನಿಗದಿತ ತಾಪಮಾನದಲ್ಲಿ ಕರಗುವ ಸೂಚಕ ಕಡ್ಡಿ ಅಥವಾ ಅವಗೆಂಪು ತಾಪಮಾಪಕದಿಂದ ಅಳೆಯಬೇಕು. ಬಿಸಿಲಿನಲ್ಲಿ ಉಕ್ಕಿನ ಕೆಂಪು ಬಣ್ಣ ಸರಿಯಾಗಿ ಗೋಚರಿಸದ ಕಾರಣ ಕಣ್ಣಂದಾಜನ್ನು ನೆಚ್ಚಬಾರದು. ನಡುಹಗಲಲ್ಲಿಯೂ ಉಕ್ಕು ಕೆಂಪಗೆ ಹೊಳೆಯುತ್ತಿದೆಯೆಂದರೆ ಮಿತಿ ಮೀರಿದೆ ಎಂದೇ ಅರ್ಥ.

ಇ) ತಣಿಸುವ ಕ್ರಮ. ಕಾದ ಉಕ್ಕಿಗೆ ನೀರು ಎರಚುವುದು ನಿಷಿದ್ಧ. ತಾನಾಗಿ 315 ಡಿಗ್ರಿಗಿಂತ ಕೆಳಗಿಳಿದ ಮೇಲಷ್ಟೇ ಗಾಳಿ ಅಥವಾ ನೀರಿನಿಂದ ತಣಿಸಬಹುದು. 120 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಅದೇ ಜಾಗವನ್ನು ಮತ್ತೆ ಕಾಯಿಸಬಾರದು. ಮಳೆ ಬೀಳುವಾಗ ಕೆಲಸ ನಡೆಸಬಾರದು.

ಈ) ಜ್ಯಾಕಿನ ಬಳಕೆ. ಜ್ಯಾಕ್ ಸಹಾಯಕ ಮಾತ್ರ. ಅದರ ಒತ್ತಿನಿಂದ ಉಂಟಾಗುವ ಬಾಗುಬಲ, ತೊಲೆ ಹೊರಬಲ್ಲ ಬಾಗುಬಲದ ಅರ್ಧವನ್ನು ಮೀರದಂತೆ ಮೊದಲೇ ಲೆಕ್ಕ ಹಾಕಿ, ಒತ್ತಡಮಾಪಕವಿರುವ ಜ್ಯಾಕನ್ನೇ ಬಳಸಬೇಕು. ಕಾಯಿಸುವಾಗ ಅದನ್ನು ಮತ್ತೆ ಬಿಗಿಯುವಂತಿಲ್ಲ.

ಉ) ಸುರಕ್ಷತೆ. ಕಾದ ಭಾಗ ತಾತ್ಕಾಲಿಕವಾಗಿ ಬಲ ಕಳೆದುಕೊಳ್ಳುವುದರಿಂದ ಸಂಕದ ಮೇಲೆ ಸಂಚಾರ ನಿಲ್ಲಿಸಿ, ಕೆಳಗೆ ಆಸರೆ ಕೊಡಬೇಕು. ಸತುವಿನ ಲೇಪವಿರುವ ತೊಲೆಯಾದರೆ ಸತು ಸುಮಾರು 420 ಡಿಗ್ರಿಗೇ ಕರಗಿ ಹೊಗೆಯಾಗುತ್ತದೆ. ಆ ಹೊಗೆ ಕೆಲಸಗಾರರ ಆರೋಗ್ಯಕ್ಕೆ ಹಾನಿಕರ. ಲೇಪವನ್ನು ಮೊದಲೇ ತೆಗೆದು, ಕೆಲಸದ ನಂತರ ಮತ್ತೆ ರಕ್ಷಣಾ ಲೇಪ ಹಚ್ಚಲು ಅಂದಾಜಿನಲ್ಲಿ ಅವಕಾಶ ಕಲ್ಪಿಸಬೇಕು.

ಊ) ಕೆಲಸದ ನಂತರ ಮರುತಪಾಸಣೆ. ಬಿರುಕಿನ ಪರೀಕ್ಷೆಯನ್ನು ಮತ್ತೆ ನಡೆಸಬೇಕು. ದಾರ ಕಟ್ಟಿ ನೇರತೆಯನ್ನು ಅಳೆದು ದಾಖಲಿಸಬೇಕು. ಎಷ್ಟು ಸೊಟ್ಟ ಉಳಿದರೆ ಒಪ್ಪಬಹುದೆಂಬುದನ್ನು ಅಭಿಯಂತರರು ಕೆಲಸಕ್ಕೆ ಮೊದಲೇ ಬರೆದಿರಬೇಕು. ಉದ್ದದ ಸಾವಿರದಲ್ಲೊಂದು ಪಾಲು ಎಂಬ ಅಳತೆ ಇಟ್ಟುಕೊಂಡರೆ 9 ಮೀಟರ್ ತೊಲೆಗೆ ಅದು 9 ಮಿಲಿಮೀಟರ್.

9. ಯಾವಾಗ ನೇರಗೊಳಿಸುವುದೇ ಬೇಡ?

ಮುಖ್ಯ ಫ್ಲ್ಯಾಂಜಿನಲ್ಲಿ ಅಥವಾ ಅದರ ಬೆಸುಗೆಯಲ್ಲಿ ಸೀಳು ಬಿದ್ದಿದ್ದರೆ ಮೊದಲು ಅದರ ದುರಸ್ತಿ ಅಥವಾ ತೊಲೆಯ ಬದಲಾವಣೆ ನಿರ್ಧಾರವಾಗಬೇಕು. ಒಂದೇ ಜಾಗ ಈಗಾಗಲೇ ಎರಡು ಬಾರಿ ಬಾಗಿ ನೇರಗೊಂಡಿದ್ದರೆ ಮೂರನೆಯ ಬಾರಿ ಕಾಯಿಸುವುದು ಸಲ್ಲದು. ಪ್ರತಿ ಬಾರಿಯೂ ಉಕ್ಕಿನ ಹಿಗ್ಗುವ ಗುಣ ಕುಂದುತ್ತ ಹೋಗುತ್ತದೆ. ತುಕ್ಕಿನಿಂದ ಹಲಗೆಯ ದಪ್ಪ ಗಣನೀಯವಾಗಿ ಸವೆದಿದ್ದರೆ ನೇರಗೊಳಿಸಿ ಫಲವಿಲ್ಲ.

ಬಾಗು ಅತಿಯಾಗಿ ಚೂಪಾಗಿದ್ದರೂ ಬದಲಿಸುವುದೇ ಲೇಸು. ಮಣಿಯುವ ಮಿತಿಯಲ್ಲಿ ಉಕ್ಕು ಹಿಗ್ಗುವ ಪ್ರಮಾಣದ ನೂರು ಪಟ್ಟಿನವರೆಗಿನ ಹಾನಿಯನ್ನು ಈ ವಿಧಾನದಿಂದ ಸರಿಪಡಿಸಬಹುದೆಂಬುದು ಮೇಲೆ ಹೇಳಿದ ಕೈಪಿಡಿಯ ಮಾರ್ಗದರ್ಶನ. 200 ಮಿಲಿಮೀಟರ್ ಅಗಲದ ಸಾಮಾನ್ಯ ಉಕ್ಕಿನ ಫ್ಲ್ಯಾಂಜ್ ಅಡ್ಡಕ್ಕೆ ಬಾಗಿದಾಗ, ಬಾಗಿನ ತ್ರಿಜ್ಯ ಸುಮಾರು 0.8 ಮೀಟರಿಗಿಂತ ಕಡಿಮೆಯಾದರೆ ಈ ಮಿತಿ ದಾಟುತ್ತದೆ. ಸರಳವಾಗಿ ಹೇಳುವುದಾದರೆ, ಬಿಲ್ಲಿನಂತೆ ಬಾಗಿದ್ದನ್ನು ಸರಿಪಡಿಸಬಹುದು. ಮೊಣಕೈಯಂತೆ ಮಡಿಚಿದ್ದನ್ನು ಬದಲಿಸಬೇಕು.

10. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಕಾಮಗಾರಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

(1) ತೊಲೆಯ ಉಕ್ಕು ಯಾವ ದರ್ಜೆಯದು, ಹಲಗೆಗಳ ದಪ್ಪ ಎಷ್ಟು?
(2) ಕಾಯಿಸುವ ಮುನ್ನ ಮತ್ತು ನಂತರ ಬಿರುಕಿನ ಪರೀಕ್ಷೆಗೆ ಅಂದಾಜಿನಲ್ಲಿ ಬಾಬ್ತು ಇದೆಯೇ? ಪರೀಕ್ಷೆ ನಡೆಸುವವರು ಯಾರು?
(3) ತಾಪಮಾನವನ್ನು ಯಾವ ಸಾಧನದಿಂದ ಅಳೆಯಲಾಗುತ್ತದೆ? ಅದರ ದಾಖಲೆಯನ್ನು ಯಾರು ಇಡುತ್ತಾರೆ?
(4) ಇದೇ ಜಾಗ ಹಿಂದೆ ಎಷ್ಟು ಬಾರಿ ದುರಸ್ತಿಯಾಗಿದೆ?
(5) ಹೊಸ ತೊಲೆಯ ವೆಚ್ಚದೊಂದಿಗೆ ಈ ದುರಸ್ತಿಯ ವೆಚ್ಚವನ್ನು ಹೋಲಿಸಲಾಗಿದೆಯೇ?
(6) ಸ್ಟ್ರೆಸ್ ರಿಲೀವಿಂಗ್ ಬಾಬ್ತು ಇದ್ದರೆ, ಅದು ಏಕೆ ಬೇಕು? ಯಾವ ಕುಲುಮೆಯಲ್ಲಿ, ಯಾವ ತಾಪಮಾನದಲ್ಲಿ, ಎಷ್ಟು ಹೊತ್ತು? ತಾಪಮಾನದ ನಕ್ಷೆಯನ್ನು ಒದಗಿಸಲಾಗುವುದೇ? ನಂತರ ನೇರತೆಯನ್ನು ಮತ್ತೆ ಅಳೆಯಲಾಗುವುದೇ?
(7) ಮತ್ತೆ ಹೊಡೆತ ಬೀಳದಂತೆ ಏನು ಕ್ರಮ ಕೈಗೊಳ್ಳಲಾಗಿದೆ?

ಆರನೆಯ ಪ್ರಶ್ನೆಗೆ ಅಭಿಯಂತರರಿಂದ ಲಿಖಿತ ಕಾರಣ ದೊರೆತು, ಅದು 7ನೆಯ ಭಾಗದಲ್ಲಿ ಹೇಳಿದ ಸಂದರ್ಭಗಳಲ್ಲಿ ಒಂದಾಗಿದ್ದರೆ ಬಾಬ್ತನ್ನು ಉಳಿಸಿಕೊಳ್ಳಬಹುದು. 'ಸುರಕ್ಷತೆಗಾಗಿ ಇರಲಿ' ಎಂಬ ಸಾಮಾನ್ಯ ಉತ್ತರ ಸಾಲದು. ತಪಾಸಣೆಯ ಬಾಬ್ತನ್ನು ಕೈಬಿಟ್ಟು ಈ ಬಾಬ್ತನ್ನು ಉಳಿಸಿಕೊಂಡ ಅಂದಾಜು ಪಟ್ಟಿಯನ್ನಂತೂ ಮರುಪರಿಶೀಲನೆಗೆ ಹಿಂದಿರುಗಿಸುವುದೇ ಸರಿ.

ಏಳನೆಯ ಪ್ರಶ್ನೆಯನ್ನು ಹಲವು ಬಾರಿ ಯಾರೂ ಕೇಳುವುದಿಲ್ಲ. ಸಂಕದ ಮೇಲ್ಬದಿಯಲ್ಲಿ ದಿಮ್ಮಿಗಳನ್ನು ತಡೆಯುವ ಕಂಬಗಳು, ಮಳೆಗಾಲಕ್ಕೆ ಮುನ್ನ ಹಳ್ಳದಲ್ಲಿ ಸಿಕ್ಕಿಕೊಂಡ ಮರಮಟ್ಟುಗಳ ತೆರವು, ಕಮಾನಿಗೆ ಸಾಕಷ್ಟು ಮುಂದೆಯೇ ಎತ್ತರದ ಎಚ್ಚರಿಕೆ ಫಲಕ, ಇವು ಅಲ್ಪ ವೆಚ್ಚದ ಕ್ರಮಗಳು. ಇವುಗಳನ್ನು ಕೈಗೊಳ್ಳದೆ ತೊಲೆಯನ್ನು ಮಾತ್ರ ನೇರಗೊಳಿಸಿದರೆ ಮುಂದಿನ ಮಳೆಗಾಲದಲ್ಲಿ ಅದೇ ತೊಲೆ, ಅದೇ ಜಾಗದಲ್ಲಿ, ಎರಡನೆಯ ಬಾರಿ ಬಾಗಿ ಸಭೆಯ ಮುಂದೆ ಬರುತ್ತದೆ.